ನಾಯಿಮರಿಗೆ ಯಾವ ಲಸಿಕೆ, ಎಲ್ಲಿ, ಯಾವಾಗ? ದಾವಣಗೆರೆ–ಚಿತ್ರದುರ್ಗದವರಿಗೆ ಹೋಲಿಕೆಯ ಮಾರ್ಗದರ್ಶಿ

ಮರಿ ಮನೆಗೆ ಬಂದ ವಾರದಲ್ಲೇ ಲೆಕ್ಕಾಚಾರ ಶುರುವಾಗುತ್ತದೆ. ದನದ ಆಸ್ಪತ್ರೆಗೆ ಒಯ್ಯೋಣವೋ, ಪ್ರೈವೇಟ್ ಕ್ಲಿನಿಕ್ಕಿಗೋ? ಹಲವು ಲಸಿಕೆ ಒಂದೇ ಸೂಜಿಯಲ್ಲಿ ಸೇರಿದ ಸೆವೆನ್ ಇನ್ ಒನ್ ಹಾಕಿಸೋಣವೋ, ನೈನ್ ಇನ್ ಒನ್ನೋ? ರೇಬೀಸ್ ಸೂಜಿಯನ್ನೂ ಅದೇ ದಿನ ಹಾಕಿಸಬಹುದೋ? ಕಂಪನಿ ಹೆಸರು, ರೇಟು ಎರಡನ್ನೂ ಎಲ್ಲರೂ ವಿಚಾರಿಸುತ್ತಾರೆ. ಮರಿಯನ್ನು ನಿಜವಾಗಿ ಕಾಯುವ ಎರಡು ಸಂಗತಿಗಳನ್ನು ಕೇಳುವವರು ಕಡಿಮೆ. ಕೊನೆಯ ಸೂಜಿ ಬೀಳುವ ದಿನ ಮರಿಗೆ ಎಷ್ಟು ವಾರ ತುಂಬಿರುತ್ತದೆ? ಲಸಿಕೆಯ ಸೀಸೆ ಆ ದಿನದವರೆಗೂ ಫ್ರಿಜ್ಜಿನ ತಂಪಿನಲ್ಲೇ ಇತ್ತೇ? ಮುಂದೆ ಯಾವ ಆಯ್ಕೆಯನ್ನು ಯಾವುದರ ಜೊತೆ ತೂಗಿದರೂ ತಕ್ಕಡಿಯ ಮುಳ್ಳು ಈ ಎರಡರ ಕಡೆಗೇ ವಾಲುತ್ತದೆ.

ಮೂರು ಸೂಜಿಯ ಲೆಕ್ಕ, ಹದಿನಾರು ವಾರದ ಲೆಕ್ಕ

ನಮ್ಮ ಕಡೆ ರೂಢಿಯಲ್ಲಿರುವ ಲೆಕ್ಕ ಹೀಗಿದೆ: 45ನೇ ದಿನ ಮೊದಲ ಸೂಜಿ, 21 ದಿನ ಬಿಟ್ಟು ಎರಡನೆಯದು, ಮತ್ತೆ 21 ದಿನಕ್ಕೆ ಮೂರನೆಯದು. ಕೂಡಿ ನೋಡಿ. 45, 66, 87. ಮೂರನೇ ಸೂಜಿಯ ದಿನ ಮರಿಗೆ ಹನ್ನೆರಡೂವರೆ ವಾರವೂ ತುಂಬಿರುವುದಿಲ್ಲ. ‘ಮೂರೂ ಆಯ್ತು, ಇನ್ನು ಮುಂದಿನ ವರ್ಷ’ ಎಂದು ಕಾರ್ಡು ಬೀರು ಸೇರುತ್ತದೆ. ನಾಲ್ಕೂವರೆ ತಿಂಗಳಿಗೆ ಅದೇ ಮರಿ ವಾಂತಿ, ರಕ್ತಭೇದಿ ಮಾಡಿಕೊಂಡು ಮೂಲೆ ಹಿಡಿದರೆ ಲಸಿಕೆಯೇ ಡೂಪ್ಲಿಕೇಟು ಎಂದು ಬೈಯುತ್ತೇವೆ. ಎಷ್ಟೋ ಸಲ ಲಸಿಕೆಯಲ್ಲಿ ದೋಷವಿರುವುದಿಲ್ಲ. ಅದು ಕೆಲಸ ಮಾಡಲು ತಾಯಿಯ ಹಾಲಿನ ಶಕ್ತಿಯೇ ಬಿಟ್ಟಿರುವುದಿಲ್ಲ.

ಹುಟ್ಟಿದ ಮೊದಲ ದಿನ ಕುಡಿದ ಗಿಣ್ಣು ಹಾಲಿನಿಂದ ತಾಯಿಯ ರೋಗನಿರೋಧಕ ಕಣಗಳು ಮರಿಯ ರಕ್ತ ಸೇರುತ್ತವೆ. ಪಾರ್ವೋ (ಮರಿಗಳಿಗೆ ವಾಂತಿ, ರಕ್ತಭೇದಿ ತರುವ ವೈರಸ್ ರೋಗ) ವಿರುದ್ಧದ ಕಣಗಳು ಸುಮಾರು ಹತ್ತು ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತಾ ಹೋಗುತ್ತವೆ. ಅವು ಹೆಚ್ಚಿರುವಾಗ ಲಸಿಕೆ ಹಾಕಿದರೆ, ಲಸಿಕೆಯಲ್ಲಿರುವ ದುರ್ಬಲಗೊಳಿಸಿದ ವೈರಸ್ಸನ್ನೂ ಅವೇ ಹಿಡಿದು ಮುಗಿಸಿಬಿಡುತ್ತವೆ. ಮರಿಯ ದೇಹ ಏನೂ ಕಲಿಯುವುದಿಲ್ಲ. ಇನ್ನೊಂದಷ್ಟು ಇಳಿದ ಮೇಲೆ ಅಪಾಯದ ಕಾಲ ಬರುತ್ತದೆ: ಬೀದಿಯ ವೈರಸ್ಸನ್ನು ತಡೆಯುವಷ್ಟು ಕಣ ಉಳಿದಿರುವುದಿಲ್ಲ, ಲಸಿಕೆಗೆ ಅಡ್ಡಿಪಡಿಸುವಷ್ಟು ಮಾತ್ರ ಉಳಿದಿರುತ್ತದೆ. ಈ ಕಾಲ ಒಂದು ಮರಿಗೆ ಎಂಟನೇ ವಾರಕ್ಕೆ ಮುಗಿದರೆ ಅದರ ಒಡಹುಟ್ಟಿದ್ದಕ್ಕೆ ಹದಿನೈದನೇ ವಾರದವರೆಗೂ ಎಳೆಯಬಹುದು. ಯಾವುದು ಎಷ್ಟು ಹಾಲು ಕುಡಿಯಿತು ಎಂದು ಹೊರಗಿನಿಂದ ನೋಡಿ ಹೇಳಲಾಗದು. ಹಾಗಾಗಿಯೇ ಒಂದೇ ಲಸಿಕೆಯನ್ನು ಮತ್ತೆ ಮತ್ತೆ ಹಾಕುವುದು. ಮೊದಲ ಸೂಜಿ ಹಿಡಿಯದಿದ್ದರೆ ಎರಡನೆಯದು, ಅದೂ ಹಿಡಿಯದಿದ್ದರೆ ಮೂರನೆಯದು ಹಿಡಿಯಲಿ ಎಂಬ ಏರ್ಪಾಡು ಇದು.

ಸಾಕುಪ್ರಾಣಿ ವೈದ್ಯರ ಜಾಗತಿಕ ಸಂಘಟನೆಯಾದ ಡಬ್ಲ್ಯುಎಸ್‌ಎವಿಎ 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಸ್ಪಷ್ಟವಾಗಿದೆ: 6ರಿಂದ 8 ವಾರಕ್ಕೆ ಶುರು, 2ರಿಂದ 4 ವಾರಗಳ ಅಂತರ, ಕೊನೆಯದು 16 ವಾರ ತುಂಬಿದ ಮೇಲೆಯೇ. ನಂತರ ಒಂದು ವರ್ಷ ಕಾಯದೆ 26ನೇ ವಾರಕ್ಕೆ, ಅಂದರೆ ಆರು ತಿಂಗಳಿಗೆ, ಇನ್ನೊಂದು. ಹದಿನಾರನೇ ವಾರದಲ್ಲೂ ಹಿಡಿಯದ ಕೆಲವೇ ಕೆಲವು ಮರಿಗಳನ್ನು ಈ ಆರು ತಿಂಗಳ ಸೂಜಿ ಹಿಡಿಯುತ್ತದೆ.

ಈಗ ಎರಡು ವೇಳಾಪಟ್ಟಿಗಳನ್ನು ಪಕ್ಕಪಕ್ಕ ಇಡೋಣ. ಜನವರಿ 1ರಂದು ಹುಟ್ಟಿದ ಮರಿ ಎಂದಿಟ್ಟುಕೊಳ್ಳಿ. ಎಂಟು ವಾರಕ್ಕೆ ಶುರು ಮಾಡಿದರೆ ಫೆಬ್ರವರಿ 26, ಮಾರ್ಚ್ 26, ಏಪ್ರಿಲ್ 23. ಮೂರೇ ಸೂಜಿ, 16 ವಾರವೂ ತುಂಬಿತು. ಆರು ತಿಂಗಳದ್ದು ಜುಲೈ 2ಕ್ಕೆ. ಆರು ವಾರಕ್ಕೇ ಶುರು ಮಾಡಿದರೆ ಮೊದಲನೆಯದು ಫೆಬ್ರವರಿ 12ಕ್ಕೆ ಬೀಳುತ್ತದೆ, 16 ವಾರ ಮುಟ್ಟಲು ನಾಲ್ಕು ಸೂಜಿ ಬೇಕು. ಯಾವುದು ಮೇಲು? ತಾಯಿಗೆ ಲಸಿಕೆಯಾಗಿದ್ದು, ಮರಿ ಕಾಂಪೌಂಡಿನ ಒಳಗೇ ಬೆಳೆಯುತ್ತಿದ್ದರೆ 8–12–16 ಸಾಕು. ಖರ್ಚು ಮೂರು ಡೋಸಿನದ್ದೇ, ಕಾಪು ಪೂರ್ತಿ. ತಾಯಿ ಯಾವುದೋ ಗೊತ್ತಿಲ್ಲ, ಬೀದಿಯಲ್ಲಿ ಮರಿಗಳು ಸಾಯುತ್ತಿವೆ, ಇಲ್ಲವೇ ಅದೇ ಮನೆಯಲ್ಲಿ ಹಿಂದೆ ಪಾರ್ವೋ ಬಂದಿತ್ತು ಎಂದರೆ ಆರನೇ ವಾರಕ್ಕೇ ಶುರು ಮಾಡಿ, ನಾಲ್ಕು ಸೂಜಿಯ ಖರ್ಚಿಗೆ ಸಿದ್ಧರಾಗಿ.

45ನೇ ದಿನಕ್ಕೆ ಶುರುವಾಗಿ 87ಕ್ಕೆ ಮೂರೂ ಮುಗಿದುಹೋಗಿದ್ದರೆ ಗಾಬರಿ ಬೇಡ. 28 ದಿನ ಬಿಟ್ಟು, ಅಂದರೆ 115ನೇ ದಿನಕ್ಕೆ, ನಾಲ್ಕನೆಯದು ಹಾಕಿಸಿದರೆ ಲೆಕ್ಕ ಸರಿಹೋಗುತ್ತದೆ. ವೈದ್ಯರು ‘ಮುಗೀತಲ್ಲ’ ಎಂದರೂ ಹದಿನಾರು ವಾರದ ಮಾತನ್ನು ಎತ್ತಿ ಕೇಳಿ. ಇದು ಹಟದ ಮಾತಲ್ಲ, ಮರಿಯ ಜೀವದ ಮಾತು. ಬೇಗ ಮುಗಿಸುವ ಅವಸರಕ್ಕೆ ಎರಡು ವಾರಕ್ಕಿಂತ ಕಡಿಮೆ ಅಂತರದಲ್ಲಿ ಹಾಕಿಸಬೇಡಿ. ಹಿಂದಿನದರ ಪ್ರತಿಕ್ರಿಯೆ ನಡೆಯುತ್ತಿರುವಾಗ ಬಿದ್ದ ಸೂಜಿ ವ್ಯರ್ಥವಾಗಬಹುದು.

ಸೀಸೆಯ ಮೇಲಿನ ಅಂಕಿ ಏನು ಹೇಳುತ್ತದೆ

ಡಿಎಚ್‌ಪಿಪಿಐ–ಎಲ್ ಎಂದು ಬರೆದದ್ದನ್ನು ಬಿಡಿಸಿದರೆ ಡಿಸ್ಟೆಂಪರ್ (ಉಸಿರಾಟ, ನರ ಕೆಡಿಸುವ ವೈರಸ್ ರೋಗ), ಹೆಪಟೈಟಿಸ್ (ಯಕೃತ್ತಿನ ರೋಗ), ಪಾರ್ವೋ, ಪ್ಯಾರಾಇನ್‌ಫ್ಲುಯೆಂಜಾ (ಕೆಮ್ಮಿನ ವೈರಸ್), ಲೆಪ್ಟೋಸ್ಪೈರಾ. ಮೊದಲ ಮೂರು ಎಲ್ಲ ನಾಯಿಗೂ ಬೇಕೇ ಬೇಕು. ಸೆವೆನ್, ನೈನ್, ಟೆನ್ ಎಂಬ ಅಂಕಿ ಮಾತ್ರ ಎಣಿಸುವವರ ಕೈಯಲ್ಲಿದೆ. ಒಬ್ಬರು ಹೆಪಟೈಟಿಸ್ ತರುವ ಅಡಿನೋವೈರಸ್ಸನ್ನೂ ಕೆಮ್ಮು ತರುವ ಅದರ ಇನ್ನೊಂದು ಬಗೆಯನ್ನೂ ಬೇರೆ ಬೇರೆ ಎಣಿಸುತ್ತಾರೆ, ಇನ್ನೊಬ್ಬರು ಲೆಪ್ಟೋ ಬ್ಯಾಕ್ಟೀರಿಯಾದ ಒಂದೊಂದು ಬಗೆಯನ್ನೂ ಎಣಿಸುತ್ತಾರೆ, ಮತ್ತೊಬ್ಬರು ನಾಯಿಗಳ ಕರೋನಾವನ್ನೂ ಸೇರಿಸುತ್ತಾರೆ. ನಾಯಿಗಳ ಕರೋನಾಕ್ಕೆ ಲಸಿಕೆ ಹಾಕುವುದನ್ನು ಡಬ್ಲ್ಯುಎಸ್‌ಎವಿಎ ಶಿಫಾರಸು ಮಾಡುವುದಿಲ್ಲ. ಮನುಷ್ಯರ ಕೋವಿಡ್‌ಗೂ ಅದಕ್ಕೂ ಸಂಬಂಧವೂ ಇಲ್ಲ. ಹಾಗಾಗಿ ಅಂಕಿ ದೊಡ್ಡದಿದೆ ಎಂದು ಹೆಚ್ಚು ದುಡ್ಡು ಕೊಡುವ ಮೊದಲು ಲೇಬಲ್ ಓದಿ.

ಲೇಬಲ್‌ನಲ್ಲಿ ನಿಜವಾಗಿ ಹುಡುಕಬೇಕಾದದ್ದು ಲೆಪ್ಟೋ ಎಷ್ಟು ಬಗೆಯದು ಎಂಬುದನ್ನು. ಹಳೆಯ ಮಾದರಿಯಲ್ಲಿ ಎರಡಿರುತ್ತವೆ: ಕ್ಯಾನಿಕೋಲಾ, ಇಕ್ಟೆರೋಹೆಮೊರೇಜಿಯೇ. ಹೊಸದರಲ್ಲಿ ಇನ್ನೂ ಎರಡು ಸೇರಿ ನಾಲ್ಕು. ಲೆಪ್ಟೋ ಎಂದರೆ ನಮ್ಮಲ್ಲಿ ಇಲಿ ಜ್ವರ ಎಂದು ಕರೆಯುವುದೇ. ಇಲಿಯ ಮೂತ್ರ ಸೇರಿದ ನೀರು, ಕೆಸರು ನಾಯಿಯ ಬಾಯಿಗೋ ಗಾಯಕ್ಕೋ ತಗುಲಿದರೆ ಸಾಕು. ಮೂತ್ರಪಿಂಡ, ಯಕೃತ್ತು ಎರಡೂ ಕೆಡುತ್ತವೆ, ಆ ನಾಯಿಯ ಮೂತ್ರದಿಂದ ಮನೆಯವರಿಗೂ ಬರಬಹುದು. ದಾವಣಗೆರೆ ಮಂಡಕ್ಕಿ ಭಟ್ಟಿಯ ಊರು, ಅಕ್ಕಿ ಗಿರಣಿಯ ಊರು, ಮೆಕ್ಕೆಜೋಳದ ಗೋದಾಮಿನ ಊರು. ಧಾನ್ಯ ಇದ್ದಲ್ಲಿ ಇಲಿ. ಭದ್ರಾ ನಾಲೆಯ ಬಯಲಿನಲ್ಲಿ, ಹರಿಹರ, ಹೊನ್ನಾಳಿ ಕಡೆ ಗದ್ದೆಯ ಬದುವಿನಲ್ಲಿ ಓಡಾಡುವ ನಾಯಿಗೆ ಇಲಿಯೂ ನೀರೂ ಎರಡೂ ಸಿಗುತ್ತವೆ. ಇಂಥ ಕಡೆ ನಾಲ್ಕು ಬಗೆಯ ಲೆಪ್ಟೋ ಇರುವುದನ್ನೇ ಹಾಕಿಸಿ ಎಂಬುದು ನಮ್ಮ ಮಾತು. ಜಗಳೂರು, ಮೊಳಕಾಲ್ಮೂರಿನಂಥ ಒಣಸೀಮೆಯಲ್ಲಿ ನಾಲ್ಕರದ್ದು ಸಿಗಲಿಲ್ಲ ಎಂದು ತಿಂಗಳುಗಟ್ಟಲೆ ಕಾಯುವುದು ತಪ್ಪು. ಎರಡರದ್ದನ್ನು ಹೊತ್ತಿಗೆ ಸರಿಯಾಗಿ ಹಾಕಿಸಿ.

ಲೆಪ್ಟೋಗೆ ಒಂದು ಸೂಜಿ ಸಾಲದು. 2ರಿಂದ 4 ವಾರಗಳ ಅಂತರದಲ್ಲಿ ಎರಡು ಬೀಳಬೇಕು, ಆಮೇಲೆ ತಪ್ಪದೆ ವರ್ಷಕ್ಕೊಂದು. ಎಳೆಯ ಮರಿಗೆ ಆರನೇ ವಾರದ ಮೊದಲ ಸೂಜಿಯಲ್ಲಿ ಇದು ಬೇಕಿಲ್ಲ, 12 ಮತ್ತು 16ನೇ ವಾರದವುಗಳಲ್ಲಿ ಇದ್ದರೆ ಸಾಕು. ಎರಡರದ್ದರಿಂದ ನಾಲ್ಕರದ್ದಕ್ಕೆ ಬದಲಾಯಿಸಿದರೆ ಹೊಸ ಎರಡು ಬಗೆಗಳು ನಾಯಿಗೆ ಹೊಸದೇ, ಆದ್ದರಿಂದ ಮತ್ತೆ ಎರಡು ಸೂಜಿ.

ಪಪ್ಪಿ ಡಿಪಿ ಎಂಬುದು ಬೇರೆ ಸರಕು. ಅದರಲ್ಲಿ ಡಿಸ್ಟೆಂಪರ್, ಪಾರ್ವೋ ಎರಡೇ ಇರುತ್ತವೆ. ಆರನೇ ವಾರಕ್ಕೆ ಶುರು ಮಾಡುವವರಿಗೆ ಮೊದಲ ಸೂಜಿಯಾಗಿ ಅದು ಒಳ್ಳೆಯ ಆಯ್ಕೆ. ಎಂಟು ವಾರ ದಾಟಿದ ಮರಿಗೆ ನೇರ ಡಿಎಚ್‌ಪಿಪಿಐ ಹಾಕಿಸಿ. ಕೆನಲ್ ಕಾಫ್ (ನಾಯಿಯಿಂದ ನಾಯಿಗೆ ಹರಡುವ ಕೆಮ್ಮು) ಲಸಿಕೆ ಬೇಕಾಗುವುದು ನಾಯಿಯನ್ನು ಬೋರ್ಡಿಂಗ್‌ನಲ್ಲಿ ಬಿಡುವವರಿಗೆ, ಶೋಗೆ ಒಯ್ಯುವವರಿಗೆ ಮಾತ್ರ.

ನೋಬಿವ್ಯಾಕ್, ವ್ಯಾನ್‌ಗಾರ್ಡ್, ಮೆಗಾವ್ಯಾಕ್, ಕ್ಯಾನಿಜೆನ್ ಎಂದು ಹೆಸರುಗಳ ಜಗ್ಗಾಟದಲ್ಲಿ ಬೀಳಬೇಡಿ. ಒಂದು ಸೂಜಿ ಒಂದು ಕಂಪನಿಯದು, ಮುಂದಿನದು ಇನ್ನೊಂದರದು ಆದರೂ ಕೆಲಸ ನಡೆಯುತ್ತದೆ. ಹೆಸರಾಂತ ಕಂಪನಿಯದೇ ಆಗಿದ್ದು ಬಿಸಿಲಲ್ಲಿ ಕಾದ ಸೀಸೆಗಿಂತ, ಅಗ್ಗದ್ದಾದರೂ ತಣ್ಣಗಿದ್ದ ಸೀಸೆ ಮೇಲು.

ತಂಪು ಕೆಟ್ಟರೆ ಲಸಿಕೆ ಬರೀ ನೀರು

ಎಲ್ಲ ಲಸಿಕೆಯನ್ನೂ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಬಿಸಿ ತಗುಲಿದರೆ ಪಾರ್ವೋ, ಡಿಸ್ಟೆಂಪರ್ ಸೀಸೆಯೊಳಗಿನ ಜೀವಂತ ವೈರಸ್ ಸಾಯುತ್ತದೆ. ಹೆಪ್ಪುಗಟ್ಟಿದರೆ ರೇಬೀಸ್ ಲಸಿಕೆ ಹಾಳು. ಅದರಲ್ಲಿರುವ ಅಲ್ಯೂಮಿನಿಯಂ ಅಂಶ ಗಂಟುಗಂಟಾಗಿ, ಕರಗಿದ ಮೇಲೂ ಮೊದಲಿನಂತಾಗುವುದಿಲ್ಲ. ಹಾಗಾಗಿ ಫ್ರೀಜರ್‌ನಲ್ಲೂ ಇಡುವಂತಿಲ್ಲ, ಬಾಗಿಲ ತಟ್ಟೆಯಲ್ಲೂ ಇಡುವಂತಿಲ್ಲ. ನಡುವಿನ ಅರೆಯೇ ಸರಿ. ಲಸಿಕೆ ಹಾಳಾದದ್ದು ಬಹಳ ಸಲ ನೋಡಿದರೆ ಗೊತ್ತೇ ಆಗುವುದಿಲ್ಲ ಎನ್ನುವುದು ದೊಡ್ಡ ತೊಂದರೆ. ಮರಿ ಕುಂಯ್ ಎನ್ನುತ್ತದೆ, ಕಾರ್ಡಿನಲ್ಲಿ ಸೀಲು ಬೀಳುತ್ತದೆ, ಒಳಗೆ ಏನೂ ಆಗಿರುವುದಿಲ್ಲ.

ಸೂಜಿ ಹಾಕುವಾಗ ಹತ್ತಿರ ನಿಂತು ನೋಡಿ. ಎರಡು ಪುಟ್ಟ ಸೀಸೆಗಳಿರುತ್ತವೆ. ಒಂದರ ತಳದಲ್ಲಿ ಸಕ್ಕರೆ ಪಾಕ ಒಣಗಿದಂತೆ ಕಾಣುವ ಬೆಳ್ಳನೆಯ ಬಿಲ್ಲೆ, ಇನ್ನೊಂದರಲ್ಲಿ ದ್ರವ. ದ್ರವವನ್ನು ಸಿರಿಂಜಿಗೆ ಎಳೆದು ಬಿಲ್ಲೆಯ ಸೀಸೆಗೆ ಬಿಟ್ಟು, ಮೆಲ್ಲಗೆ ಅಲುಗಾಡಿಸಿ, ಪೂರ್ತಿ ಕರಗಿದ ಮೇಲೆ ಅದನ್ನೇ ಎಳೆದುಕೊಂಡು ಕೊರಳ ಹಿಂದಿನ ಸಡಿಲ ಚರ್ಮದ ಕೆಳಗೆ ಹಾಕುತ್ತಾರೆ. ಲೆಪ್ಟೋ ಬಹಳ ಸಲ ಈ ದ್ರವದ ಸೀಸೆಯಲ್ಲೇ ಇರುತ್ತದೆ, ಬಿಲ್ಲೆಯ ಜೊತೆ ಬರೀ ನೀರಿನ ಸೀಸೆ ಬಂದಿದ್ದರೆ ಲೆಪ್ಟೋ ಬಿಟ್ಟುಹೋದಂತೆ. ಬಿಲ್ಲೆ ಕುಗ್ಗಿ ಅಂಟಂಟಾಗಿದ್ದರೆ ಆ ಸೀಸೆ ಬೇಡ ಎನ್ನಿ. ಬೆರೆಸಿದ ಮೇಲೆ ಅರ್ಧ ಗಂಟೆಯೊಳಗೆ ಹಾಕಬೇಕು, ಬೆಳಗ್ಗೆ ಬೆರೆಸಿಟ್ಟದ್ದನ್ನು ಮಧ್ಯಾಹ್ನ ಹಾಕುವಂತಿಲ್ಲ. ಚರ್ಮಕ್ಕೆ ಸ್ಪಿರಿಟ್ ಹಚ್ಚಿದ್ದರೆ ಅದು ಆರಲಿ, ಹಸಿ ಸ್ಪಿರಿಟ್ ಜೀವಂತ ಲಸಿಕೆಯನ್ನು ಕೆಡಿಸುತ್ತದೆ.

ಸೀಸೆಯ ಸುತ್ತ ಸುಲಿಯಬಹುದಾದ ಪುಟ್ಟ ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಬ್ಯಾಚ್ ನಂಬರು, ಅವಧಿ ಮುಗಿಯುವ ತಿಂಗಳು ಇರುತ್ತವೆ. ಅದು ಕಾರ್ಡಿನಲ್ಲಿ ಅಂಟಬೇಕು, ಪಕ್ಕದಲ್ಲಿ ತಾರೀಖು, ವೈದ್ಯರ ಸಹಿ, ನೋಂದಣಿ ಸಂಖ್ಯೆ ಇರಬೇಕು. ಮರಿ ಮಾರುವವರು ಕೊಡುವ ಕಾರ್ಡಿನಲ್ಲಿ ಸ್ಟಿಕ್ಕರ್ ಇಲ್ಲದೆ ಬರೀ ‘ವ್ಯಾಕ್ಸಿನ್ ಆಗಿದೆ’ ಎಂಬ ಬರಹ ಇದ್ದರೆ ಆಗಿಲ್ಲವೆಂದೇ ತಿಳಿದು ಮೊದಲಿನಿಂದ ಶುರು ಮಾಡಿ. ಒಂದು ಹೆಚ್ಚಾದರೆ ನಷ್ಟವಿಲ್ಲ.

ಡೋಸಿನ ವಿಷಯದಲ್ಲೂ ಒಂದು ತಪ್ಪು ಆಗಾಗ ನಡೆಯುತ್ತದೆ. ‘ಪಮೇರಿಯನ್ ಸಣ್ಣದಲ್ವಾ, ಅರ್ಧ ಹಾಕಿ’ ಎನ್ನುತ್ತಾರೆ. ಲಸಿಕೆ ತೂಕ ನೋಡಿ ಹಾಕುವ ಮದ್ದಲ್ಲ. ಲೇಬಲ್‌ನಲ್ಲಿ 1 ಮಿ.ಲೀ. ಎಂದಿದ್ದರೆ ಪಮೇರಿಯನ್ನಿಗೂ ಮುಧೋಳಕ್ಕೂ 1 ಮಿ.ಲೀ.

ಎಲ್ಲಿ ಹಾಕಿಸುವುದು

ಸರ್ಕಾರಿ ದನದ ಆಸ್ಪತ್ರೆ ಜಿಲ್ಲಾ ಕೇಂದ್ರದಲ್ಲೂ ತಾಲೂಕಿನಲ್ಲೂ ಇದೆ. ರೇಬೀಸ್‌ಗೆ ಅದು ಒಳ್ಳೆಯ ಜಾಗ. ಖರ್ಚು ತೀರಾ ಕಡಿಮೆ. ಜುಲೈ 6ರ ಪ್ರಾಣಿಜನ್ಯ ರೋಗಗಳ ದಿನ, ಸೆಪ್ಟೆಂಬರ್ 28ರ ರೇಬೀಸ್ ದಿನದ ಸುಮಾರಿಗೆ ಉಚಿತ ಶಿಬಿರಗಳೂ ನಡೆಯುತ್ತವೆ. (ಜುಲೈ 6 ಎಂದರೆ 1885ರಲ್ಲಿ ಲೂಯಿ ಪಾಶ್ಚರ್ ಹುಚ್ಚುನಾಯಿ ಕಚ್ಚಿದ್ದ ಹುಡುಗನಿಗೆ ಮೊದಲ ಸಲ ರೇಬೀಸ್ ಲಸಿಕೆ ಕೊಡಿಸಿದ ದಿನ. ಸೆಪ್ಟೆಂಬರ್ 28 ಪಾಶ್ಚರ್ ತೀರಿಕೊಂಡ ದಿನ.) ಪಾರ್ವೋ, ಡಿಸ್ಟೆಂಪರ್ ಸೇರಿದ ಲಸಿಕೆ ಅಲ್ಲಿ ಯಾವಾಗಲೂ ಸಿಗುತ್ತದೆ ಎಂದು ನಂಬಿಕೊಂಡು ಹೋಗಬೇಡಿ. ಮುಂಚಿತವಾಗಿ ಕೇಳಿ ಹೋಗಿ. ಇಲ್ಲದಿದ್ದರೆ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಓಡುವ ಪಾಡು.

ಹಾಗೆ ಅಂಗಡಿಯಿಂದ ತರಲೇಬೇಕಾದರೆ ಬರಿಗೈಲಿ ಹೋಗಬೇಡಿ. ಅಗಲ ಬಾಯಿಯ ಥರ್ಮಾಸ್ ಒಯ್ಯಿರಿ, ತಳಕ್ಕೆ ಐಸ್ ಹಾಕಿ, ಸೀಸೆಯನ್ನು ಮಡಚಿದ ಬಟ್ಟೆಯಲ್ಲಿ ಸುತ್ತಿ ಐಸಿಗೆ ನೇರ ತಾಗದಂತೆ ಇಡಿ. ಏಪ್ರಿಲ್ ಬಿಸಿಲಲ್ಲಿ ಸ್ಕೂಟಿಯ ಡಿಕ್ಕಿಯೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಬಂದ ಸೀಸೆಯನ್ನು ನಂಬಲಾಗದು. ಅಂಗಡಿಯವರ ಫ್ರಿಜ್ಜಿನ ಬಗ್ಗೆಯೂ ಸಂಕೋಚವಿಲ್ಲದೆ ಕೇಳಿ: ರಾತ್ರಿ ಬಾಗಿಲು ಹಾಕುವಾಗ ಮೇನ್ ಸ್ವಿಚ್ ಆಫ್ ಮಾಡುತ್ತೀರಾ? ಕರೆಂಟ್ ಹೋದರೆ ಏನು ಏರ್ಪಾಡಿದೆ? ಈ ಪ್ರಶ್ನೆಗೆ ತಟ್ಟನೆ ಉತ್ತರ ಬಂದರೆ ಅಂಗಡಿ ಒಳ್ಳೆಯದು. ಜಗಳೂರಿನಿಂದಲೋ ಹೊಸದುರ್ಗದಿಂದಲೋ ಬರುವವರಿಗೆ ಒಂದೇ ಮಾತು: ಲಸಿಕೆಯನ್ನು ಮರಿ ಹತ್ತಿರ ಒಯ್ಯುವುದಕ್ಕಿಂತ ಮರಿಯನ್ನು ಲಸಿಕೆ ಹತ್ತಿರ ತನ್ನಿ.

ಪ್ರೈವೇಟ್ ಕ್ಲಿನಿಕ್ಕಿನಲ್ಲಿ ಖರ್ಚು ಹೆಚ್ಚು. ಆದರೆ ಲಸಿಕೆ ಅಲ್ಲೇ ಫ್ರಿಜ್ಜಿನಲ್ಲಿರುತ್ತದೆ, ಮೈಗೆ ಒಗ್ಗದಿದ್ದರೆ ಕೂಡಲೇ ಕೊಡುವ ಅಡ್ರಿನಲಿನ್ ಕೈಗೆ ಸಿಗುತ್ತದೆ. ಮರಿಯ ಸರಣಿ ಸೂಜಿಗಳಿಗೆ ನಮ್ಮ ಒಲವು ಇದರ ಕಡೆಗೇ. ಒಂದು ಎಚ್ಚರ: ಕ್ಲಿನಿಕ್ಕಿಗೆ ಪಾರ್ವೋ ಬಂದ ಮರಿಗಳೂ ಬರುತ್ತವೆ. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಸರಣಿ ಮುಗಿಯದ ಮರಿಯನ್ನು ಅಲ್ಲಿ ನೆಲಕ್ಕಿಳಿಸಬೇಡಿ. ಟವೆಲ್ ಹಾಸಿದ ಬುಟ್ಟಿಯಲ್ಲಿಟ್ಟು ತೊಡೆಯ ಮೇಲೆ ಕೂರಿಸಿಕೊಳ್ಳಿ. ಪಕ್ಕದ ನಾಯಿಯನ್ನು ಮುಟ್ಟಿದ ಕೈಯಲ್ಲಿ ನಿಮ್ಮ ಮರಿಯನ್ನು ಮುಟ್ಟಬೇಡಿ.

ಮನೆಗೆ ಬಂದು ಹಾಕುವವರಿದ್ದಾರೆ. ನೆಲದ ಸೋಂಕಿನ ಭಯವಿಲ್ಲ, ಹೆದರುವ ನಾಯಿಗೆ, ನಾಲ್ಕೈದು ನಾಯಿ ಇರುವ ತೋಟದ ಮನೆಗೆ ಇದು ಅನುಕೂಲ. ಐಸ್ ಬಾಕ್ಸ್ ತಂದಿದ್ದಾರಾ ನೋಡಿ, ಸೂಜಿ ಹಾಕಿದ ಮೇಲೆ ಅರ್ಧ ಗಂಟೆಯಾದರೂ ಕೂತು ಹೋಗಲಿ, ಚಹಾ ಕೊಡುವ ನೆಪವಾದರೂ ಸರಿ. ಶಿಬಿರದಲ್ಲಿ ಸಾಮಾನ್ಯವಾಗಿ ಹಾಕುವುದು ರೇಬೀಸ್ ಮಾತ್ರ. ಅದನ್ನೇ ‘ಎಲ್ಲ ಲಸಿಕೆ ಆಯ್ತು’ ಎಂದುಕೊಂಡು ಪಾರ್ವೋಗೆ ಮರಿ ಕಳೆದುಕೊಳ್ಳಬೇಡಿ. ಹತ್ತು ಡೋಸಿನ ಸೀಸೆಯಾದರೂ ನಾಯಿಗೊಂದು ಹೊಸ ಸೂಜಿ ಇರಲೇಬೇಕು.

ನಾವೇ ತಂದು ನಾವೇ ಚುಚ್ಚುವುದು ಈ ಆಯ್ಕೆಗಳ ಸಾಲಿಗೇ ಸೇರಬಾರದು. ಜ್ವರ ಇದೆಯೋ ಇಲ್ಲವೋ ನೋಡುವವರಿಲ್ಲ, ಮೈಗೆ ಒಗ್ಗದಿದ್ದರೆ ಉಳಿಸುವವರಿಲ್ಲ, ಕಾರ್ಡಿಗೆ ಸಹಿಯೂ ಇಲ್ಲ.

ರೇಬೀಸ್: ಒಂದು ಸೂಜಿಯೋ, ಎರಡೋ

ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡರೆ ನಾಯಿಯೂ ಉಳಿಯುವುದಿಲ್ಲ, ಮನುಷ್ಯರೂ ಉಳಿಯುವುದಿಲ್ಲ. ಇದೊಂದರಲ್ಲಿ ಚೌಕಾಸಿ ಬೇಡ. 12 ವಾರ ತುಂಬಿದ ಮೇಲೆ ಮೊದಲ ಸೂಜಿ. ಒಂದೇ ಹಾಕಿಸಿ ವರ್ಷ ಕಾಯುವುದು ಒಂದು ದಾರಿ, ನಾಲ್ಕು ವಾರಕ್ಕೆ ಇನ್ನೊಂದು ಹಾಕಿಸುವುದು ಎರಡನೆಯ ದಾರಿ. ಬೀದಿನಾಯಿ ಇಲ್ಲದ ಓಣಿ ನಮ್ಮಲ್ಲಿಲ್ಲ. ಎರಡನೆಯ ದಾರಿಯನ್ನೇ ಹಿಡಿಯಿರಿ. 12ನೇ ವಾರ, 16ನೇ ವಾರ ಎಂದರೆ ಉಳಿದ ಲಸಿಕೆಯ ದಿನಗಳಿಗೇ ಹೊಂದುತ್ತದೆ. ಆಮೇಲೆ ವರ್ಷಕ್ಕೊಮ್ಮೆ. ಎರಡು ತಿಂಗಳ ಮರಿ ಇರುವಾಗಲೇ ಊರಿಗೆ ಶಿಬಿರ ಬಂದರೆ ಹಾಕಿಸಿ, ಆದರೆ ಅದನ್ನು ಲೆಕ್ಕಕ್ಕೆ ಹಿಡಿಯದೆ ಮೂರು ತಿಂಗಳು ತುಂಬಿದ ಮೇಲೆ ಮತ್ತೆ ಹಾಕಿಸಿ.

ಮೊದಲ ಸೂಜಿಯಾದ ಮರುದಿನವೇ ಕಾಪು ಬರುವುದಿಲ್ಲ, ಮೂರು ವಾರವಾದರೂ ಬೇಕು. ಲಸಿಕೆಯಾದ ನಾಯಿಯನ್ನು ಬೀದಿನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು (ಕೈಗೆ ಗ್ಲೌಸ್ ಇರಲಿ) ಅಂದೇ ವೈದ್ಯರಲ್ಲಿಗೆ ಒಯ್ಯಿರಿ. ಬೂಸ್ಟರ್ ಬೇಕು. ಲಸಿಕೆಯೇ ಆಗದ ನಾಯಿಗೆ ನಮ್ಮಲ್ಲಿ 0, 3, 7, 14, 28ನೇ ದಿನಗಳ ಸರಣಿ ಹಾಕುತ್ತಾರೆ, ನಡುವೆ ಒಂದೂ ತಪ್ಪಬಾರದು. ‘ಹಾಲು ಕುಡಿಯೋ ಮರಿ ಪರಚಿದ್ರೆ ಏನಾಗಲ್ಲ’ ಎಂಬ ಮಾತನ್ನು ನಂಬಬೇಡಿ. ಮರಿ ಕಚ್ಚಿದರೂ ಪರಚಿದರೂ ಮನುಷ್ಯರಿಗೆ ಅದೇ 15 ನಿಮಿಷದ ತೊಳೆತ, ಅದೇ ದಿನ ಆಸ್ಪತ್ರೆ.

ಎರಡೂ ಒಂದೇ ದಿನವೋ, ಬಿಡಿಬಿಡಿಯಾಗಿಯೋ

ರೇಬೀಸ್, ಡಿಎಚ್‌ಪಿಪಿಐ–ಎಲ್ ಎರಡನ್ನೂ ಒಂದೇ ದಿನ ಮೈಯ ಬೇರೆ ಬೇರೆ ಕಡೆ ಹಾಕಬಹುದು. ದೂರದ ಹಳ್ಳಿಯವರಿಗೆ, ಲ್ಯಾಬ್ರಡಾರ್, ಮುಧೋಳ, ಜಾತಿ ಬೆರೆತ ನಾಟಿ ನಾಯಿಯಂಥ ದೊಡ್ಡ ಮೈಯವಕ್ಕೆ ಇದೇ ಸಲೀಸು. ಹತ್ತು ಕಿಲೋಗಿಂತ ಹಗುರಾದ ನಾಯಿಗಳಲ್ಲಿ ಒಂದೇ ದಿನ ಬೀಳುವ ಲಸಿಕೆಗಳ ಸಂಖ್ಯೆ ಏರಿದಂತೆ ಮೈಗೆ ಒಗ್ಗದಿರುವುದೂ ಏರುತ್ತದೆ. ಪಗ್, ಡ್ಯಾಷ್‌ಹಂಡ್, ಪಮೇರಿಯನ್ ಸಾಕಿದವರು ಊರಲ್ಲೇ ಇದ್ದರೆ ಎರಡು ವಾರ ಬಿಟ್ಟು ಎರಡು ಸಲ ಹೋಗಿ ಬನ್ನಿ. ಹಿಂದೊಮ್ಮೆ ಮುಖ ಊದಿಕೊಂಡ ನಾಯಿಯಾದರೆ ಅದನ್ನು ಸೂಜಿಗೆ ಮೊದಲೇ ವೈದ್ಯರಿಗೆ ಹೇಳಬೇಕು. ಬಿಡಿಸಿ ಹಾಕಿದರೆ ಎರಡನೆಯದು ಮರೆತುಹೋಗುತ್ತದೆ ಎನ್ನುವಂಥವರು ಒಂದೇ ದಿನ ಮುಗಿಸಿಬಿಡಿ. ಮರೆತ ಸೂಜಿಯ ಅಪಾಯ ಜೋಡಿ ಸೂಜಿಯ ಅಪಾಯಕ್ಕಿಂತ ಬಲು ದೊಡ್ಡದು.

ಸೂಜಿಗೆ ಮುಂಚೆ, ಸೂಜಿಯ ನಂತರ

ಜಂತುಹುಳುವಿನ ಔಷಧಿ ಮರಿಗೆ ಎರಡನೇ ವಾರದಿಂದಲೇ ಎರಡೆರಡು ವಾರಕ್ಕೊಮ್ಮೆ ಎಂಟನೇ ವಾರದವರೆಗೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಇದು ತೂಕ ನೋಡಿ ಕೊಡುವ ಮದ್ದು, ಅಂದಾಜಿನಲ್ಲಿ ಬೇಡ. ಹೊಟ್ಟೆ ಉಬ್ಬಿ ಮೈ ಒಣಗಿದ ಮರಿಗೆ ಮೊದಲು ಹುಳು ತೆಗೆಸಿ, ವಾರ ಬಿಟ್ಟು ಲಸಿಕೆಗೆ ಒಯ್ಯಿರಿ. ನಾಯಿಯ ಮೈ ಬಿಸಿ ಸಹಜವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದಕ್ಕಿಂತ ಹೆಚ್ಚಿದ್ದರೆ, ಊಟ ಬಿಟ್ಟಿದ್ದರೆ, ಭೇದಿಯಿದ್ದರೆ ಮುಂದೂಡಿ. ನಮ್ಮ ಸೀಮೆಯಲ್ಲಿ ಉಣ್ಣಿ ವಿಪರೀತ, ಉಣ್ಣಿ ಜ್ವರದಿಂದ ನರಳುವ ನಾಯಿಗೆ ಚಿಕಿತ್ಸೆ ಮುಗಿದು ಚೇತರಿಸಿದ ಮೇಲೆಯೇ ಲಸಿಕೆ. ಕಜ್ಜಿಗೆಂದು ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿದ್ದರೆ ತಪ್ಪದೆ ಹೇಳಿ. ಗಬ್ಬದ ನಾಯಿಗೆ ಜೀವಂತ ಲಸಿಕೆ ಬೇಡ, ಬೆದೆಗೆ ಮುಂಚೆಯೇ ಹಾಕಿಸಿರಿ.

ಸೂಜಿಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ. ಮುಖ, ಕಣ್ಣಿನ ಸುತ್ತ ಊದುವುದು, ಮೈಮೇಲೆ ದದ್ದು, ಪದೇ ಪದೇ ವಾಂತಿ, ಒಸಡು ಬಿಳಿಚುವುದು, ಕುಸಿದು ಬೀಳುವುದು ಕಂಡರೆ ಆ ಕ್ಷಣವೇ ಒಳಗೆ ಒಯ್ಯಿರಿ. ಮನೆಗೆ ಬಂದ ಮೇಲೆ ಒಂದೆರಡು ದಿನ ಮಂಕಾಗಿರುವುದು, ಸ್ವಲ್ಪ ಜ್ವರ, ಚುಚ್ಚಿದಲ್ಲಿ ಗೋಲಿಯಷ್ಟು ಗಂಟು ಸಹಜ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ, ನಾಯಿಗೆ ಅವು ವಿಷ. ಗಂಟು ತಿಂಗಳಾದರೂ ಕರಗದಿದ್ದರೆ ತೋರಿಸಿ.

ಸರಣಿ ಮುಗಿಯುವವರೆಗೆ ಮರಿಯನ್ನು ಕೋಣೆಯಲ್ಲಿ ಕೂಡಿಹಾಕುವುದೂ ಸರಿಯಲ್ಲ. ಮೂರರಿಂದ ಹದಿನಾಲ್ಕನೇ ವಾರದೊಳಗೆ ಜನ, ಗಾಡಿ, ಸದ್ದು ನೋಡದ ಮರಿ ಮುಂದೆ ಅಂಜುಬುರುಕಿಯೋ ಕಚ್ಚುವ ನಾಯಿಯೋ ಆಗುತ್ತದೆ. ಎತ್ತಿಕೊಂಡು ಓಣಿ ತೋರಿಸಿ, ಲಸಿಕೆಯಾದ ನೆಂಟರ ನಾಯಿಯ ಜೊತೆ ಆಡಲು ಬಿಡಿ. ಪಾರ್ವೋ ಬಂದಿದ್ದ ಮನೆಯಾದರೆ ಫಿನಾಯಿಲ್ ಸಾಲದು. ಮೊದಲು ಕೊಳೆ ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಬೆರೆಸಿ, ಹತ್ತು ನಿಮಿಷ ನೆಲದಲ್ಲಿ ನಿಲ್ಲಿಸಿ ಒರೆಸಿ. ಮಣ್ಣಿನ ಅಂಗಳ ಹೀಗೆ ಶುದ್ಧವಾಗುವುದಿಲ್ಲ, ಅಲ್ಲಿ ಹೊಸ ಮರಿಯನ್ನು ಸರಣಿ ಮುಗಿಯುವವರೆಗೆ ಬಿಡಬೇಡಿ.

ದೊಡ್ಡ ನಾಯಿ, ಹಟ್ಟಿಯ ನಾಯಿ, ಬೀದಿಯ ಮರಿ

ಲಸಿಕೆಯ ಗುರುತೇ ಇಲ್ಲದ ದೊಡ್ಡ ನಾಯಿಗೆ ಮರಿಯ ಸರಣಿ ಬೇಕಿಲ್ಲ. ತಾಯಿಯ ಕಣಗಳ ಅಡ್ಡಿ ಇಲ್ಲದ್ದರಿಂದ ಡಿಸ್ಟೆಂಪರ್, ಪಾರ್ವೋ, ಹೆಪಟೈಟಿಸ್‌ಗೆ ಒಂದೇ ಸೂಜಿ ಹಿಡಿಯುತ್ತದೆ. ಲೆಪ್ಟೋಗಾಗಿ ನಾಲ್ಕು ವಾರಕ್ಕೆ ಎರಡನೆಯದು, ರೇಬೀಸ್ ಜೊತೆಗೇ.

ಚಳ್ಳಕೆರೆ, ಹಿರಿಯೂರು ಕಡೆ ಕುರಿ ಕಾಯುವವರ ನಾಯಿಗೆ ಕ್ಲಿನಿಕ್ಕಿಗೆ ನಾಲ್ಕು ಸಲ ಬರುವ ಪುರುಸೊತ್ತಿಲ್ಲ. ಮಂದೆ ಇವತ್ತು ಒಂದು ಹೊಲ, ನಾಳೆ ಇನ್ನೊಂದು. ಒಂದೇ ಸಲ ಬರಲು ಸಾಧ್ಯ ಎಂದಾದರೆ ಆ ಒಂದು ಸಲ 16 ವಾರ ತುಂಬಿದ ಮೇಲೆ ಇರಲಿ, ಅಂದೇ ರೇಬೀಸ್ ಕೂಡ ಆಗಲಿ. ಎರಡು ತಿಂಗಳಿಗೆ ಹಾಕಿಸಿದ ಒಂಟಿ ಸೂಜಿಗಿಂತ ನಾಲ್ಕು ತಿಂಗಳಿಗೆ ಹಾಕಿಸಿದ ಒಂಟಿ ಸೂಜಿ ಎಷ್ಟೋ ಪಾಲು ಗಟ್ಟಿ. ತೋಟದ ನಾಯಿಗೂ ಇದೇ ಮಾತು.

ಓಣಿಯ ಮರಿಗಳಿಗೆ ಅನ್ನ ಹಾಕುವವರು ಮೊದಲು ರೇಬೀಸ್‌ಗೆ ದುಡ್ಡು ಎತ್ತಿಡಿ. ಬೀದಿನಾಯಿಗಳ ಸಂತಾನಹರಣ, ಲಸಿಕೆ 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳ ಪ್ರಕಾರ ಸ್ಥಳೀಯ ಸಂಸ್ಥೆಯ ಹೊಣೆ. ದಾವಣಗೆರೆಯವರು ಮಹಾನಗರ ಪಾಲಿಕೆಗೆ ಬರೆದು ಕೇಳಬಹುದು. ಒಂದು ಪ್ರದೇಶದ ನೂರರಲ್ಲಿ ಎಪ್ಪತ್ತು ನಾಯಿಗೆ ರೇಬೀಸ್ ಲಸಿಕೆಯಾದರೆ ರೋಗದ ಸರಪಳಿ ಕಡಿಯುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ. ನಿಮ್ಮ ಓಣಿಯಲ್ಲಿ ಹತ್ತಿದ್ದರೆ ಏಳು.

ವರ್ಷ ವರ್ಷವೋ, ಮೂರು ವರ್ಷಕ್ಕೋ

ಆರು ತಿಂಗಳ ಸೂಜಿ ಆದ ಮೇಲೆ ಡಿಸ್ಟೆಂಪರ್, ಪಾರ್ವೋ, ಹೆಪಟೈಟಿಸ್‌ನ ಕಾಪು ಬಹುಕಾಲ ನಿಲ್ಲುತ್ತದೆ. ಮಾರ್ಗಸೂಚಿಯ ಪ್ರಕಾರ ಮೂರು ವರ್ಷಕ್ಕಿಂತ ಬೇಗ ಬೇಕಿಲ್ಲ. ಲೆಪ್ಟೋ ಮಾತ್ರ ಪ್ರತಿ ವರ್ಷ, ರೇಬೀಸ್‌ಗೆ ನಮ್ಮಲ್ಲಿ ಪ್ರತಿ ವರ್ಷದ ರೂಢಿಯನ್ನೇ ಪಾಲಿಸಿ. ಎಲ್ಲ ಸೇರಿದ್ದನ್ನೇ ವರ್ಷವರ್ಷವೂ ಹಾಕುವ ಕ್ಲಿನಿಕ್ಕುಗಳಿವೆ, ಅದರಿಂದ ದೊಡ್ಡ ಹಾನಿಯಿಲ್ಲ. ಆದರೂ ಲೆಪ್ಟೋ ಒಂದೇ ಇರುವ ಸೀಸೆ ತರಿಸಿಕೊಡುತ್ತೀರಾ ಎಂದು ಕೇಳಿ ನೋಡಿ. ಲೆಪ್ಟೋದ ಕೊನೆಯ ಸೂಜಿಯಾಗಿ ಒಂದೂವರೆ ವರ್ಷ ದಾಟಿದ್ದರೆ ಮತ್ತೆ ಎರಡು ಸೂಜಿಯಿಂದ ಶುರು. ರೇಬೀಸ್ ತಪ್ಪಿದ್ದರೆ ಯಾವ ಲೆಕ್ಕವೂ ಹಾಕುತ್ತಾ ಕೂರದೆ ಈ ವಾರವೇ ಹಾಕಿಸಿ, ಕಾರ್ಡಿನ ಫೋಟೊ ತೆಗೆದು ಮನೆಯವರೆಲ್ಲರ ಫೋನಿನಲ್ಲಿ ಇಡಿ. ನಾಯಿ ಯಾರನ್ನಾದರೂ ಪರಚಿದ ದಿನ ಆಸ್ಪತ್ರೆಯಲ್ಲಿ ಮೊದಲು ಕೇಳುವುದು ಆ ತಾರೀಖನ್ನೇ.